ಸೂರ್ಯಕಾಂತಿಯ ಸುರುಳಿ ಹಾಕಿದವರು ಯಾರು?

ತುಂಗಭದ್ರಾ ಕಾಲುವೆ ಬಂದ ಮೇಲೆ ಸಿಂಧನೂರಿನ ಎರೆಹೊಲಗಳು ಭತ್ತದ ಗದ್ದೆಗಳಾದವು. ನೀರು ಹತ್ತದ ಮಸ್ಕಿ, ಲಿಂಗಸುಗೂರು ಕಡೆ ಸೂರ್ಯಕಾಂತಿ ಇನ್ನೂ ಕಾಣಸಿಗುತ್ತದೆ. ಬಲಿತ ತೆನೆ ಹಿಡಿದು ಕಾಳಿನ ಸಾಲು ಎಣಿಸಿ ನೋಡಿ. ಬಲಕ್ಕೆ ತಿರುಗುವ ಸುರುಳಿ 34 ಇದ್ದರೆ ಎಡಕ್ಕೆ ತಿರುಗುವವು ಸಾಮಾನ್ಯವಾಗಿ 55; ತೆನೆ ದೊಡ್ಡದಾದರೆ 55 ಮತ್ತು 89. ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು. ಲಘು-ಗುರುಗಳ ಜೋಡಣೆ ಎಣಿಸುತ್ತ ಜೈನ ಪಂಡಿತ ಹೇಮಚಂದ್ರ 12ನೆಯ ಶತಮಾನದಲ್ಲೇ ಕಂಡಿದ್ದ ಸರಣಿಯಿದು. ಫಿಬೊನಾಚಿಯ ಹೆಸರು ಅಂಟಿದ್ದು ಆಮೇಲೆ.

ಕಾಳು ಒತ್ತಾಗಿ ಕೂತ ಗಿಡಕ್ಕೆ ಲಾಭ, ಹಾಗಾಗಿ ಅದು ಉಳಿಯಿತು ಎಂದು ಡಾರ್ವಿನ್ನನ ದಾರಿಯಲ್ಲಿ ಹೇಳಬಹುದು. ಉಳಿದದ್ದೇಕೆ ಎಂಬುದಕ್ಕೆ ಅದು ಉತ್ತರ. ಮೂಡಿದ್ದು ಹೇಗೆ?

ಅದರ ಬೆನ್ನು ಹತ್ತಿದವನು ಗಣಿತಜ್ಞ ಅಲನ್ ಟ್ಯೂರಿಂಗ್. (ಇವನ ತಾಯಿಯ ತಂದೆ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ಎಂಜಿನಿಯರ್, ತುಂಗಭದ್ರೆಗೆ ಸೇತುವೆ ಕಟ್ಟಿಸಿದವನು. ವಾದಕ್ಕೆ ಇದು ಬೇಕಿಲ್ಲ, ಆದರೂ ಹೇಳದೆ ಇರಲಾಗಲಿಲ್ಲ.) ಎರಡು ರಾಸಾಯನಿಕಗಳು ಪರಸ್ಪರ ವರ್ತಿಸುತ್ತ ಬೇರೆ ಬೇರೆ ವೇಗದಲ್ಲಿ ಹರಡಿದರೆ ಪಟ್ಟೆ, ಚುಕ್ಕೆಗಳು ತಾವಾಗಿಯೇ ಮೂಡಬಲ್ಲವೆಂದು 1952ರಲ್ಲಿ ತೋರಿಸಿದ. ಎಲೆ, ಕಾಳುಗಳ ಜೋಡಣೆಯ ಲೆಕ್ಕ ಮುಗಿಯುವ ಮೊದಲೇ, 1954ರಲ್ಲಿ, ತೀರಿಕೊಂಡ.

1992ರಲ್ಲಿ ಫ್ರಾನ್ಸಿನ ಡುವಾಡಿ ಮತ್ತು ಕೂಡೆ ಗಿಡವನ್ನೇ ಬದಿಗಿಟ್ಟರು. ಎಣ್ಣೆ ತುಂಬಿದ ತಟ್ಟೆ, ಸುತ್ತ ಕಾಂತಕ್ಷೇತ್ರ, ನಡುವೆ ಒಂದೊಂದಾಗಿ ಬೀಳುವ ಕಾಂತೀಯ ದ್ರವದ ಹನಿ. ಹನಿಗಳು ಒಂದನ್ನೊಂದು ದೂಡುತ್ತ ಅಂಚಿಗೆ ಸರಿಯುತ್ತವೆ. ನಿಧಾನವಾಗಿ ಬಿಟ್ಟರೆ ಹೊಸ ಹನಿ ಹಿಂದಿನದಕ್ಕೆ ನೇರ ಎದುರಿಗೆ ಹೋಗುತ್ತದೆ. ಬೇಗ ಬೇಗ ಬಿಟ್ಟರೆ ಹಳೆಯ ಹನಿಗಳ ದೂಡಾಟವೂ ಸೇರಿ ಕೋನ 137.5 ಡಿಗ್ರಿಯ ಹತ್ತಿರ ಬಂದು ನಿಲ್ಲುತ್ತದೆ. ತಟ್ಟೆಯ ತುಂಬ ಸೂರ್ಯಕಾಂತಿಯ ಸುರುಳಿ! ಅಲ್ಲಿ ಜೀವವಿಲ್ಲ, ವಂಶವಾಹಿಯಿಲ್ಲ, ಆಯ್ಕೆಯಂತೂ ಇಲ್ಲವೇ ಇಲ್ಲ. ಗಿಡದೊಳಗೆ ದೂಡುವುದು ಯಾವುದೆಂದು 2003ರ ಹೊತ್ತಿಗೆ ಗೊತ್ತಾಯಿತು: ಪ್ರತಿ ಮೊಗ್ಗು ತನ್ನ ಸುತ್ತಲಿನ ಆಕ್ಸಿನ್ ಹಾರ್ಮೋನನ್ನು ಎಳೆದುಕೊಳ್ಳುತ್ತದೆ, ಮುಂದಿನದು ದೂರದಲ್ಲೇ ಹುಟ್ಟಬೇಕಾಗುತ್ತದೆ.

ಆಯ್ಕೆಗೆ ಕೆಲಸವೇ ಇಲ್ಲವೆಂದಲ್ಲ. ಆ ಹಾರ್ಮೋನು ಸಾಗಿಸುವ ವ್ಯವಸ್ಥೆ ವಿಕಾಸದ ಫಲವೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1980ರಲ್ಲಿ ಕೊಟ್ಟ ಬಿಎಸ್‌ಎಚ್-1, ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್, ಮನುಷ್ಯ ಆರಿಸಿದ ಗುಣಗಳ ಬೆಳೆ. ಆದರೆ ಯಾವ ತಳಿಗಾರನೂ 34, 55ನ್ನು ಆರಿಸಲಿಲ್ಲ.

2012ರಲ್ಲಿ ಟ್ಯೂರಿಂಗ್ ಶತಮಾನೋತ್ಸವಕ್ಕೆ ಜನ ಬೆಳೆಸಿ ಕಳಿಸಿದ 657 ತೆನೆಗಳನ್ನು ಮ್ಯಾಂಚೆಸ್ಟರಿನಲ್ಲಿ ಪರಿಶೀಲಿಸಿದರು. ಹೆಚ್ಚಿನವು ಸರಣಿಗೆ ಹೊಂದಿದವು. ಕೆಲವು 47, 76ರಂಥ ಸಂಖ್ಯೆ ತೋರಿದವು. ಕೂಡುವ ನಿಯಮ ಅದೇ, ಆರಂಭ ಮಾತ್ರ ಬೇರೆ. ಹನಿಗಳ ಪ್ರಯೋಗದಲ್ಲೂ ಮೊದಲ ಕೆಲವು ಹನಿ ಬಿದ್ದ ರೀತಿ ಬದಲಾದರೆ ಇಂಥದೇ ಸರಣಿ ಬರುತ್ತದೆ.