ಕೊಳಗದಿಂದ ಕಾಯಿದೆಯವರೆಗೆ

ಹೊಳೆಹೊನ್ನೂರಿನ ಮಗ್ಗುಲಲ್ಲಿ ಹರಿಯುವ ಭದ್ರೆಯು ಕೆಲವೇ ಮೈಲಿಗಳಾಚೆ ಕೂಡಲಿಯಲ್ಲಿ ತುಂಗೆಯನ್ನು ಸೇರುವಳು; ಆ ಸಂಗಮದ ದಡದಲ್ಲಿ ಅದ್ವೈತದ ಮಠವೂ ಉಂಟು, ದ್ವೈತದ ಮಠವೂ ಉಂಟು. ವಾದವನ್ನು ಬಿಡದೆಯೇ ಒಂದೇ ನೀರಿನಲ್ಲಿ ಮೀಯುವ ಈ ರೀತಿಯನ್ನು ಶಿವಮೊಗ್ಗೆಯ ರಾಜಕಾರಣವೂ ಒಮ್ಮೆ ಕಂಡಿತು.

ಅದರ ಮೂಲದಲ್ಲಿದ್ದುದು ಒಂದು ಕೊಳಗ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿಯ ಭತ್ತವನ್ನಳೆಯಲು ಒಡೆಯರು ಹಿಡಿಯುತ್ತಿದ್ದ ಕೊಳಗವು ಸರ್ಕಾರದ ಕೊಳಗಕ್ಕಿಂತ ದೊಡ್ಡದಾಗಿದ್ದು, ಅಳೆದಷ್ಟು ಸಲವೂ ಹೆಚ್ಚಿನ ಕಾಳು ಒಡೆಯನ ಕಣಜಕ್ಕೆ ಬೀಳುತ್ತಿದ್ದಿತು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಗೇಣಿದಾರರು ಇದಕ್ಕೆ ತಿರುಗಿ ನಿಂತಾಗ, 1951ರಲ್ಲಿ ಸಮಾಜವಾದಿ ಪಕ್ಷವು ಸತ್ಯಾಗ್ರಹವನ್ನು ಕೈಗೆತ್ತಿಕೊಂಡಿತು. ಪಕ್ಷದ ನಾಯಕ ಲೋಹಿಯಾ ಬಂದು ಬಂಧಿತರಾದರು. ಮರುವರ್ಷ ಅದೇ ಪಕ್ಷದ ಶಾಂತವೇರಿ ಗೋಪಾಲಗೌಡರು ಶಾಸನಸಭೆಯನ್ನು ಪ್ರವೇಶಿಸಿದಾಗ, ಎದುರಿನ ಪೀಠದಲ್ಲಿ ಕಂದಾಯ ಮಂತ್ರಿಗಳಾಗಿದ್ದವರು ಅವರದೇ ತೀರ್ಥಹಳ್ಳಿ ತಾಲ್ಲೂಕಿನ, ಕಾಂಗ್ರೆಸ್ಸಿನ ಕಡಿದಾಳ್ ಮಂಜಪ್ಪನವರು. 1952ರ ಗೇಣಿ ಶಾಸನವನ್ನು ತಂದವರು ಮಂಜಪ್ಪನವರು. ಅಷ್ಟು ಸಾಲದೆಂದು ಕೇಳುತ್ತಲೇ ಹೋದವರು ಗೋಪಾಲಗೌಡರು.

1961ರ ಭೂಸುಧಾರಣಾ ಕಾಯಿದೆಯಲ್ಲಿ ಒಡೆಯರು ನುಸುಳಿಕೊಳ್ಳಲು ಸಂದುಗಳು ಉಳಿದಿದ್ದುವು. ಅವನ್ನು ಮುಚ್ಚಿದುದು ದೇವರಾಜ ಅರಸರ ಕಾಂಗ್ರೆಸ್ ಸರ್ಕಾರವು 1974ರ ಮಾರ್ಚಿಯಲ್ಲಿ ಜಾರಿಗೆ ತಂದ ತಿದ್ದುಪಡಿ. ಆಗ ಸಾಗರದ ಶಾಸಕರಾಗಿ ವಿರೋಧಪಕ್ಷದಲ್ಲಿ ಕುಳಿತಿದ್ದವರು ಸಮಾಜವಾದಿ ಕಾಗೋಡು ತಿಮ್ಮಪ್ಪನವರು. ಗೇಣಿದಾರನು ಏಳನೆಯ ನಮೂನೆಯ ಅರ್ಜಿಯನ್ನು ತುಂಬಿ ತಾಲ್ಲೂಕಿನ ಭೂನ್ಯಾಯ ಮಂಡಳಿಯ ಮುಂದೆ ನಿಲ್ಲುತ್ತಿದ್ದನು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲವಾಗಿ, ಬಾಯಿಮಾತಿನ ಗೇಣಿಯನ್ನು ಬಾಯಿಮಾತಿನಿಂದಲೇ ಸಾಧಿಸಬೇಕಾಗಿದ್ದಿತು.

ಸ್ವಪಕ್ಷದ ಜಮೀನುದಾರರ ಅಸಮಾಧಾನವನ್ನು ಅರಸರು ಎದುರಿಸಿದಂತೆಯೇ, ಹತ್ತು ವರ್ಷ ಹಿಂದೆ ಅಮೆರಿಕೆಯಲ್ಲಿ ಡೆಮಾಕ್ರಟಿಕ್ ಅಧ್ಯಕ್ಷ ಜಾನ್ಸನ್ನರ ನಾಗರಿಕ ಹಕ್ಕುಗಳ ಮಸೂದೆಗೆ ಅಡ್ಡ ನಿಂತವರೂ ಅವರದೇ ಪಕ್ಷದ ದಕ್ಷಿಣ ರಾಜ್ಯಗಳ ಸೆನೆಟರುಗಳು. ಮಸೂದೆಯನ್ನು ತಡೆಯಲೆಂದೇ ಅವರು ಎಳೆಯುತ್ತಿದ್ದ ಮುಗಿಯದ ಚರ್ಚೆಯನ್ನು 1964ರ ಜೂನಿನಲ್ಲಿ ಮುಗಿಸಿದ 71 ಮತಗಳಲ್ಲಿ 27 ಮತಗಳು ರಿಪಬ್ಲಿಕನ್ ನಾಯಕ ಡರ್ಕ್‌ಸೆನ್ನರ ಕಡೆಯಿಂದ ಬಂದುವು. ಅಲ್ಲಿ ಎದುರಾಳಿಯು ಮತವನ್ನಿತ್ತನು; ಇಲ್ಲಿ ಎದುರಾಳಿಯು ಬೇಡಿಕೆಯನ್ನೇ ಇತ್ತನು.

ಆ ಬೇಡಿಕೆಗೆ ದನಿಯಾಗಿದ್ದ ಗೋಪಾಲಗೌಡರು 1972ರ ಜೂನಿನಲ್ಲಿಯೇ ತೀರಿಕೊಂಡಿದ್ದರು. ಎದುರಿನ ಪೀಠವನ್ನು ಅವರು ಇಪ್ಪತ್ತು ವರ್ಷ ಕೇಳಿದುದನ್ನು, ಅವರಿಲ್ಲದಾಗ ಆ ಪೀಠವೇ ಕೊಟ್ಟಿತು.