ಟರ್ಬೊ ಕಾರಿನ ವೈರಿ ಒತ್ತಡವಲ್ಲ, ಕಾವು

"ಪಿಸ್ಟನ್, ರಾಡ್ ಗಟ್ಟಿಮುಟ್ಟ ಹಾಕ್ರಿ, ಆಮ್ಯಾಲ ಎಷ್ಟ ಬೂಸ್ಟ್ ಕೊಟ್ರೂ ನಡೀತದ." ಹಳೆಯ ಪೆಟ್ರೋಲ್ ಕಾರಿಗೆ ಟರ್ಬೊ ಕೂರಿಸುವ ಮಾತು ಬಂದಾಗಲೆಲ್ಲ ಕೇಳಿಬರುವ ನಂಬಿಕೆಯಿದು. ಸೊಲ್ಲಾಪುರ, ಅಕ್ಕಲಕೋಟೆಯಂಥ ಬಿಸಿಲೂರಿನಲ್ಲಿ ಇದನ್ನು ನಂಬಿ ಹಣ ಸುರಿಯುವುದು ದೊಡ್ಡ ನಷ್ಟ.

ಇಂಥ ಎಂಜಿನ್‌ಗಳನ್ನು ಹೆಚ್ಚಾಗಿ ಒಡೆಯುವುದು ನಾಕಿಂಗ್. ಸ್ಪಾರ್ಕ್ ಪ್ಲಗ್ ಹಚ್ಚಿದ ಉರಿ ಸಿಲಿಂಡರಿನ ಅಂಚು ಮುಟ್ಟುವ ಮೊದಲೇ ಅಲ್ಲಿ ಉಳಿದ ಮಿಶ್ರಣ ಕಾವಿಗೆ, ಒತ್ತಡಕ್ಕೆ ತಾನಾಗಿ ಸಿಡಿಯುತ್ತದೆ. ಫೋರ್ಜ್ಡ್ ಪಿಸ್ಟನ್ ಆ ಏಟನ್ನು ಇನ್ನಷ್ಟು ಹೊತ್ತು ತಾಳೀತು, ತಡೆಯಲಾರದು. ಕಾರ್ಖಾನೆಯಿಂದಲೇ ಟರ್ಬೊ ಸಮೇತ ಬರುವ ಎಷ್ಟೋ ಕಾರುಗಳಲ್ಲಿ ಎರಕದ ಪಿಸ್ಟನ್‌ಗಳೇ ಇವೆ.

ಲೆಕ್ಕ ಹಾಕಿ ನೋಡಿ. ಬೇಸಿಗೆಯಲ್ಲಿ ಸೊಲ್ಲಾಪುರದ ಗಾಳಿ 42 ಡಿಗ್ರಿ. 70 ಪ್ರತಿಶತ ದಕ್ಷತೆಯ ಕಂಪ್ರೆಸರ್ ಅದನ್ನು 0.7 ಬಾರ್ ಬೂಸ್ಟ್‌ಗೆ ಒತ್ತಿದರೆ ಹೊರಬರುವ ಗಾಳಿ ಸುಮಾರು 115 ಡಿಗ್ರಿ! ಇಂಟರ್‌ಕೂಲರ್ ಅದನ್ನು ತಣಿಸುತ್ತದೆ, ಆದರೆ ಗಾಳಿಯಿಂದ ತಣಿಯುವ ಇಂಟರ್‌ಕೂಲರಿಗೆ ಹೊರಗಿನ ಬಿಸಿಗಿಂತ ಕೆಳಗಿಳಿಸಲು ಆಗದು. ಹೀಗಾಗಿ ಜನವರಿಯ ಚಳಿಯಲ್ಲಿ ಟ್ಯೂನ್ ಮಾಡಿದ ಕಾರು ಮೇ ತಿಂಗಳಲ್ಲಿ ಅದೇ ಬೂಸ್ಟ್‌ಗೆ ನಾಕ್ ಮಾಡಬಹುದು. ಇಲ್ಲಿ ಟ್ಯೂನಿಂಗ್ ಆಗಬೇಕಾದ್ದು ಬೇಸಿಗೆಯ ಮಟಮಟ ಮಧ್ಯಾಹ್ನಕ್ಕೆ.

ಕಾವು ಪಿಸ್ಟನ್ ರಿಂಗನ್ನೂ ಬಿಡುವುದಿಲ್ಲ. ಬಿಸಿಗೆ ಹಿಗ್ಗಿದ ರಿಂಗಿನ ತುದಿಗಳು ಒಂದಕ್ಕೊಂದು ತಾಗಿದರೆ ರಿಂಗ್ ಬೋರನ್ನು ಗೀರುತ್ತದೆ, ಕೆಲವೊಮ್ಮೆ ಪಿಸ್ಟನ್ನಿನ ಅಂಚನ್ನೇ ಮುರಿಯುತ್ತದೆ. ಬೂಸ್ಟ್‌ಗೆ ತಕ್ಕಂತೆ ಆ ತುದಿಗಳ ನಡುವಿನ ಸಂದನ್ನು ಅರದಿಂದ ಉಜ್ಜಿ ಅಗಲಿಸುವುದು ಅಗ್ಗದ ಕೆಲಸ. ನನ್ನ ಮಟ್ಟಿಗೆ ದುಬಾರಿ ರಾಡ್‌ಗಿಂತ ಮೊದಲು ಆಗಬೇಕಾದ್ದು.

ಗ್ಯಾಸ್ಕೆಟ್ ದಪ್ಪ ಮಾಡಿ ಕಂಪ್ರೆಷನ್ ಇಳಿಸಿದರೆ ಸಾಕು ಎಂಬುದೂ ಅರೆಸತ್ಯ. ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಕಿರುಸಂದು ಅಗಲವಾದರೆ ಮಿಶ್ರಣದ ಸುಳಿ ಕುಂದಿ ನಾಕಿಂಗ್‌ಗೆ ದಾರಿಯಾಗುತ್ತದೆ. ತಲೆ ತಗ್ಗಾದ ಪಿಸ್ಟನ್ ಹಾಕುವುದೇ ಮೇಲು.

ಇನ್ನು ಕ್ಯಾಮ್‌ಶಾಫ್ಟ್. ಸೊಲ್ಲಾಪುರಕ್ಕೆ ಇದು ಮನೆಯ ವಿಷಯ: 1992ರಲ್ಲಿ ಇಲ್ಲಿ ಹುಟ್ಟಿದ ಪ್ರಿಸಿಷನ್ ಕ್ಯಾಮ್‌ಶಾಫ್ಟ್ಸ್ ದೇಶವಿದೇಶದ ಕಾರು ತಯಾರಕರಿಗೆ ಮಾಲು ಕಳಿಸುತ್ತದೆ. ಆದರೂ ರೇಸ್ ಕ್ಯಾಮ್ ಟರ್ಬೊಗೂ ಚಲೋ ಎಂಬ ಮಾತು ನಿಂತಿಲ್ಲ. ರೇಸ್ ಕ್ಯಾಮ್ ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್ ಎರಡನ್ನೂ ಹೆಚ್ಚು ಹೊತ್ತು ಒಟ್ಟಿಗೆ ತೆರೆದಿಡುತ್ತದೆ. ಸಣ್ಣ ಟರ್ಬೊದಲ್ಲಿ ಟರ್ಬೈನಿನ ಮುಂದಿನ ಒತ್ತಡ ಎಷ್ಟೋ ಸಲ ಒಳಬರುವ ಗಾಳಿಯ ಒತ್ತಡವನ್ನೂ ಮೀರುತ್ತದೆ. ಆಗ ಉರಿದ ಹೊಗೆ ಸಿಲಿಂಡರಿಗೇ ಮರಳಿ ಹೊಸ ಮಿಶ್ರಣವನ್ನು ಕಾಯಿಸುತ್ತದೆ. ಮತ್ತೆ ನಾಕಿಂಗ್.

ಕಾಗದಪತ್ರ ಆಮೇಲೆ ನೋಡಿಕೊಂಡರಾಯಿತು ಎನ್ನುವವರಿಗೆ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಸಲ್ಲದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅಂಥ ಎಂಜಿನ್ ಕಟ್ಟುವ ಆಸೆಯಿದ್ದರೆ ರೇಸ್ ಟ್ರ್ಯಾಕಿಗೆಂದೇ ಕಟ್ಟಿ, ಅಕ್ಕಲಕೋಟೆ ರಸ್ತೆಗಲ್ಲ.