ಹುಣ್ಣಿಮೆಯ ಲೆಕ್ಕದ ಹಬ್ಬಗಳು: ಬೀದರಿನ ಜಾತ್ರೆ, ಇಟಲಿಯ ಕಾರ್ನಿವಲ್

ಸಂತಪುರ (ಬೀದರ್): ಕಾರ್ನಿವಲ್ ಎಂದರೆ ಕರಾವಳಿಯ ನಮಗೆ ಗೋವಾ ನೆನಪಾಗುತ್ತದೆ. ತಪಸ್ಸು ಕಾಲದ ಉಪವಾಸಕ್ಕೆ ಮೊದಲು ಉಂಡು ತಿಂದು ನಲಿಯುವ ದಿನಗಳವು. ಇಟಲಿಯ ಇವ್ರೆಯಾ ಪಟ್ಟಣದಲ್ಲಿ ವಿಭೂತಿ ಬುಧವಾರಕ್ಕೆ ಮುಂಚಿನ ಮೂರು ದಿನ ಜನ ತಂಡ ಕಟ್ಟಿಕೊಂಡು ಕಿತ್ತಳೆ ಹಣ್ಣಿನಿಂದ ಹೊಡೆದಾಡುತ್ತಾರೆ. ಗಾಡಿಯ ಮೇಲಿರುವವರು ದೊರೆಯ ಸೈನಿಕರು, ಕೆಳಗಿರುವವರು ದಂಗೆಯೆದ್ದ ಪ್ರಜೆಗಳು. ದಬ್ಬಾಳಿಕೆಯ ದೊರೆಯನ್ನು ಗಿರಣಿಯವನ ಮಗಳೊಬ್ಬಳು ಕೊಂದಳೆಂಬ ಕಥೆ ಇದಕ್ಕೆ ಮೂಲ.

ಅದೇ ದಿನಗಳ ಆಸುಪಾಸಿನಲ್ಲಿ ಬೀದರ್ ಸೀಮೆಯಲ್ಲೂ ಜಾತ್ರೆಗಳ ಸಾಲು. ಸಂತಪುರ ಇರುವುದು ಔರಾದ್ ತಾಲ್ಲೂಕಿನಲ್ಲಿ. ಔರಾದ್ ಪಟ್ಟಣದ ಅಮರೇಶ್ವರ ಜಾತ್ರೆ ಮಹಾಶಿವರಾತ್ರಿಗೆ ನಡೆಯುತ್ತದೆ. ಕುಸ್ತಿ, ಪಶು ಪ್ರದರ್ಶನ ಅದರ ಆಕರ್ಷಣೆ. ಕಪ್ಪು ಬಿಳುಪಿನ ದೇವಣಿ ತಳಿಯ ಎತ್ತುಗಳನ್ನು ನೋಡಲೆಂದೇ ಬರುವವರಿದ್ದಾರೆ. 2026ರ ಪಂಚಾಂಗದಲ್ಲಿ ಶಿವರಾತ್ರಿ ಫೆಬ್ರವರಿ 15, ವಿಭೂತಿ ಬುಧವಾರ 18. ಎಂದರೆ ಕಾರ್ನಿವಲ್ ಭಾನುವಾರವೇ ಶಿವರಾತ್ರಿ!

ಆದರೆ ನಮ್ಮ ಓದುಗರು ಮುಖ್ಯವಾಗಿ ತಿಳಿಯಬೇಕಾದದ್ದು ಬೀದರ್ ನಗರದ ಹೊರವಲಯದ ಅಷ್ಟೂರಿನ ಜಾತ್ರೆ. ಅಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ (ಆಳ್ವಿಕೆ 1422–1436) ಸಮಾಧಿಯಿದೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು ಇವನೇ. ಬರಗಾಲದಲ್ಲಿ ಇವನ ಪ್ರಾರ್ಥನೆಗೆ ಮಳೆ ಬಂತೆಂದೂ ಅದರಿಂದಲೇ ಜನ 'ವಲಿ' ಎಂದು ಕರೆದರೆಂದೂ ಪ್ರತೀತಿ. ಮುಸ್ಲಿಮರಿಗೆ ಇವನು ಸಂತ. ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭುವಿನ ಅವತಾರ. ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ತಮ್ಮ ಭಕ್ತರೊಂದಿಗೆ ಕಾಲ್ನಡಿಗೆಯಲ್ಲಿ ಬರುತ್ತಾರೆ. ಶಂಖ ಊದಿ, ತೆಂಗಿನಕಾಯಿ ಒಡೆದು, ಸಮಾಧಿಗೆ ಹೂವು ಅರ್ಪಿಸುತ್ತಾರೆ.

ಇನ್ನೂ ವಿಶೇಷವೆಂದರೆ ದಿನದ ಲೆಕ್ಕ. ಸಾಮಾನ್ಯವಾಗಿ ಉರುಸುಗಳು ಹಿಜರಿ ತಿಂಗಳನ್ನು ಅನುಸರಿಸಿ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತವೆ. ಅಷ್ಟೂರಿನದು ಹಾಗಲ್ಲ. ಹೋಳಿ ಹುಣ್ಣಿಮೆಯಿಂದ ಎಣಿಸಿ ಇಪ್ಪತ್ತು ದಿನದ ಹೊತ್ತಿಗೆ ಆರಂಭ. ಜೋಳ, ಕಡಲೆ ಮನೆಗೆ ಬಂದು ರೈತರಿಗೆ ಬಿಡುವಿರುವ ಕಾಲವದು. ನಮ್ಮ ಪಾಸ್ಕ ಹಬ್ಬವೂ ಹುಣ್ಣಿಮೆಯನ್ನೇ ಕಾಯುತ್ತದೆ: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ. ಅಲ್ಲಿಂದ 46 ದಿನ ಹಿಂದಕ್ಕೆ ಎಣಿಸಿದರೆ ವಿಭೂತಿ ಬುಧವಾರ, ಅದರ ಹಿಂದಿನ ದಿನ ಕಾರ್ನಿವಲಿನ ಮುಕ್ತಾಯ. 2024ರಲ್ಲಿ ಹೋಳಿ ಬಂದದ್ದು ಪವಿತ್ರ ವಾರದ ಸೋಮವಾರ.

ಸುಲ್ತಾನನ ಉರುಸಿಗೆ ಹಿಂದೂ ಪಂಚಾಂಗ, ಮುಂದಾಳು ಜಂಗಮ. ಹಬ್ಬ ಯಾರದೆಂದು ಕೇಳುವವರಿಗೆ ಇಲ್ಲಿ ಸುಲಭದ ಉತ್ತರವಿಲ್ಲ. ಇಲ್ಲದಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಏಕೆಂದರೆ ನೆರೆಯ ಆಳಂದದ ಲಾಡ್ಲೆ ಮಶಾಕ್ ದರ್ಗಾ ಆವರಣದಲ್ಲಿ 2022ರ ಶಿವರಾತ್ರಿಯಂದು ಗಲಭೆಯಾಯಿತು. ಮುಂದಿನ ವರ್ಷಗಳಲ್ಲಿ ಅಲ್ಲಿನ ಪೂಜೆಗೆ ನ್ಯಾಯಾಲಯದ ಅನುಮತಿ, ಪೊಲೀಸ್ ಕಾವಲು ಬೇಕಾಯಿತು.

ಬೀದರ್ ಕಡೆ ಹೋಗುವವರು ಅಷ್ಟೂರನ್ನು ನೋಡದೆ ಬರಬೇಡಿ. ಗುಮ್ಮಟದ ಒಳಗೋಡೆಯ ತುಂಬ ಬಣ್ಣ, ಬಂಗಾರದ ಚಿತ್ತಾರವಿದೆ. ಒಳಗೆ ಕತ್ತಲೆ, ಜೊತೆಗೊಂದು ಟಾರ್ಚ್ ಇರಲಿ.